ಹೊಗೆಯ ಬಾಗಿಲು

ಮನೆ ಕಟ್ಟಿಸುವವರು ತಲೆಬಾಗಿಲಿನ ವಿಷಯದಲ್ಲಿ ಎಷ್ಟೊಂದು ಆಸ್ಥೆ ವಹಿಸುತ್ತಾರೆ! ಸಾಗವಾನಿಯ ಚೌಕಟ್ಟು, ಮೇಲೆ ಕೆತ್ತನೆಯ ಪಟ್ಟಿ, ಹಿತ್ತಾಳೆಯ ಚಿಲಕ, ಹೊಸ್ತಿಲಿಗೆ ಅರಿಶಿನ ಕುಂಕುಮ. ಒಲೆಯ ಮೇಲಿನ ಬೆಳಕಿಂಡಿಯ ಬಗೆಗೆ ಮಾತ್ರ ಯಾರೂ ಒಂದು ಮಾತನ್ನೂ ಆಡುವುದಿಲ್ಲ. ಅದು ಮಸಿಗಟ್ಟಿ ಮುಚ್ಚಿಕೊಂಡ ದಿನ ಒಲೆ ಉರಿಯಲೊಲ್ಲದು. ಹೊಗೆ ಮನೆಯ ತುಂಬ ಕವಿಯುವುದು. ಕಣ್ಣಲ್ಲಿ ನೀರು ಸುರಿಯುವುದು. ಅಂದು ಅಡಿಗೆಯ ಮನೆಯಲ್ಲಿ ಕುಳಿತವಳಿಗೆ ಆ ಚಿಕ್ಕ ಕಿಂಡಿಯ ಬೆಲೆ ತಿಳಿಯುವುದು.

ಯಂತ್ರದ ಸಂಗತಿಯೂ ಇದಕ್ಕಿಂತ ಬೇರೆಯಲ್ಲ. ಬಾವಿಯ ದಂಡೆಯ ಮೇಲೆ ಆಯಿಲ್ ಇಂಜಿನ್ ಇಟ್ಟುಕೊಂಡ ರೈತನು ಡೀಸೆಲ್ ಶುದ್ಧವಾಗಿದೆಯೇ, ಫಿಲ್ಟರ್ ಬದಲಿಸಿದ್ದಾರೆಯೇ, ನಾಜಲ್ ಸರಿಯಾಗಿ ಸಿಂಪಡಿಸುತ್ತಿದೆಯೇ ಎಂದು ವಿಚಾರಿಸುತ್ತಾನೆ. ಇವೆಲ್ಲ ಒಳಗೆ ಹೋಗುವ ವಸ್ತುಗಳ ವಿಚಾರ. ಉರಿದು ಮುಗಿದ ಹೊಗೆ ಹೊರಬೀಳುವ ದಾರಿ ಹೇಗಿದೆ ಎಂದು ಕೇಳುವವರು ವಿರಳ. ಬಾವಿ ಮತ್ತು ಇಂಜಿನ್ನುಗಳ ಸಹವಾಸದಲ್ಲಿ ಕಳೆದ ಇಷ್ಟು ವರ್ಷಗಳಲ್ಲಿ ನಮಗೆ ಮನವರಿಕೆಯಾದ ಮಾತು ಒಂದೇ: ಬೇನೆ ಒಳಬಾಗಿಲಲ್ಲಿ ಕಾಣಿಸಿಕೊಂಡರೂ ಅದರ ಮೂಲ ಬಹಳ ಸಲ ಹೊರಬಾಗಿಲಲ್ಲಿರುತ್ತದೆ. ಜತ್ತ, ಅಕ್ಕಲಕೋಟೆಗಳ ಕಡೆಯಾಗಲಿ, ರಾಯದುರ್ಗ, ಮಡಕಶಿರಾಗಳ ಕಡೆಯಾಗಲಿ, ಕರೆಂಟು ಬಂದು ಮೋಟಾರು ಕೂತ ಮೇಲೂ ಹಳೆಯ ಇಂಜಿನ್ನನ್ನು ಬೇವಿನ ಮರದ ಕೆಳಗೆ ಉಳಿಸಿಕೊಂಡ ಮನೆಗಳಿವೆ. ಕರೆಂಟು ಕೈಕೊಟ್ಟ ದಿನ ನೆನಪಾಗುವುದು ಅದೇ. ಅಂಥ ಮನೆಯ ವಾಚಕರಿಗೆ ಉಪಯೋಗವಾದೀತೆಂದು, ಹೊಗೆಯನ್ನು ಹೊರಗೆ ಕಳಿಸುವ ಎಕ್ಸಾಸ್ಟ್ ವಾಲ್ವಿನ ಬಗೆಗೆ ನಾವು ಕಂಡುಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ, ಜತ್ತ ತಾಲೂಕಿನ ಮೂಡಣ ಭಾಗದ ಊರು. ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ, ಆಕಾಶದ ಮಾತು ಮಾತ್ರ ಯಾರಿಗೂ ತಿಳಿಯದು. ಮಳೆಯು ನಮ್ಮ ನೆತ್ತಿಯ ಮೇಲಿನಿಂದ ಹಾದು ಬೇರೆ ಸೀಮೆಗೆ ಹೋಗುವುದನ್ನು ನೋಡುತ್ತಲೇ ಬೆಳೆದವರು ನಾವು. 1972ರ ಬರದಲ್ಲಿ ನಮ್ಮ ಕಡೆಯ ಒಕ್ಕಲು ಮಕ್ಕಳು ಸರಕಾರಿ ಕಾಮಗಾರಿಯಲ್ಲಿ ಖಡಿ ಒಡೆದು, ಸುಕಡಿ ತಿಂದು, ಪರದೇಶದ ಮಿಲೋ ಜೋಳದ ರೊಟ್ಟಿ ಬಡಿದು ಜೀವ ಹಿಡಿದುಕೊಂಡರು. ಎತ್ತುಗಳು ಮೇವಿಲ್ಲದೆ ಹೋದವು. ಎತ್ತು ಹೋದ ಮೇಲೆ ತೊಗಲಿನ ಕಪಿಲೆ ಎಳೆಯುವವರು ಯಾರು? ಬಾವಿಯ ತಳದಲ್ಲಿ ಉಳಿದ ನೀರನ್ನು ಮೇಲೆ ತರಲು ಎತ್ತಿಲ್ಲದ ಉಪಾಯ ಬೇಕಾಯಿತು. ಅಪ್ಪ 1974ರಲ್ಲಿ ಸಾಲ ಮಾಡಿ ಐದು ಅಶ್ವಶಕ್ತಿಯ, ನಿಧಾನಗತಿಯ ಒಂದು ಇಂಜಿನ್ನನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದರು. ಅವ್ವ ಅದಕ್ಕೆ ಆರತಿ ಎತ್ತಿ, ಹಾರುಗಾಲಿಗೆ ಕುಂಕುಮ ಹಚ್ಚಿದಳು.

ಈ ಯಂತ್ರಗಳು ನಮ್ಮ ಸೀಮೆಗೆ ಪರಕೀಯವೆಂದು ಹೇಳುವಂತಿಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲಿನವರೆಗೆ ಬಂದವರು. 1910ರಲ್ಲಿ ಔಂಧ ಸಂಸ್ಥಾನದ ಆಶ್ರಯದಲ್ಲಿ ಬರಡು ಮಾಳದ ಮೇಲೆ ಅವರು ಕಟ್ಟಿದ ಕಿರ್ಲೋಸ್ಕರವಾಡಿ ಇಂದು ನಮ್ಮ ಸಾಂಗಲಿ ಜಿಲ್ಲೆಯಲ್ಲಿಯೇ ಇದೆ. 1946ರಲ್ಲಿ ಪುಣೆಯಲ್ಲಿ ಅವರ ಮನೆತನದ ಆಯಿಲ್ ಇಂಜಿನ್ ಕಾರ್ಖಾನೆ ಸ್ಥಾಪನೆಯಾಯಿತು. ಇತ್ತ ಇಂಗ್ಲಂಡಿನ ಡರ್ಸ್ಲಿ ಎಂಬ ಪಟ್ಟಣದ ಲಿಸ್ಟರ್ ಮಾದರಿಯನ್ನು ಅನುಸರಿಸಿ ಗುಜರಾತದ ರಾಜಕೋಟದ ಕಾರ್ಖಾನೆಗಳು ಎರಡು ದೊಡ್ಡ ಹಾರುಗಾಲಿಗಳ, ಸಾವಕಾಶವಾಗಿ ತಿರುಗುವ ಇಂಜಿನ್ನುಗಳನ್ನು ಮಾಡಿದವು. ಹೆಸರು ಯಾವುದೇ ಇರಲಿ, ಒಳಗಿನ ಧರ್ಮ ಒಂದೇ.

ಆ ಧರ್ಮವನ್ನು ಸ್ವಲ್ಪದರಲ್ಲಿ ಹೇಳಬೇಕು. ಸಿಲಿಂಡರಿನ ಮೇಲಿನ ಹೆಡ್ಡಿನಲ್ಲಿ ಎರಡು ಬಾಗಿಲುಗಳಿವೆ. ಮೊದಲನೆಯದು ಗಾಳಿ ಒಳಬರುವ ಬಾಗಿಲು, ಎರಡನೆಯದು ಹೊಗೆ ಹೊರಹೋಗುವ ಬಾಗಿಲು. ಪಿಸ್ಟನ್ ಕೆಳಗಿಳಿಯುವಾಗ ಗಾಳಿಯ ಬಾಗಿಲು ತೆರೆದು ಗಾಳಿಯನ್ನು ಸೆಳೆಯುತ್ತದೆ. ಪಿಸ್ಟನ್ ಮೇಲೇರುವಾಗ ಎರಡೂ ಬಾಗಿಲು ಮುಚ್ಚಿ, ಒಳಗಿನ ಗಾಳಿ ಒತ್ತಿ ಒತ್ತಿ ಕೆಂಡದಂತೆ ಕಾಯುತ್ತದೆ. ಆ ಕಾದ ಗಾಳಿಗೆ ನಾಜಲ್ ಡೀಸೆಲನ್ನು ಸಿಂಪಡಿಸಿದೊಡನೆ ಅದು ತಾನಾಗಿ ಹೊತ್ತಿ ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ನಾಲ್ಕನೆಯ ನಡೆಯಲ್ಲಿ ಪಿಸ್ಟನ್ ಮತ್ತೆ ಮೇಲೇರುವಾಗ ಹೊಗೆಯ ಬಾಗಿಲು ತೆರೆದು ಉರಿದದ್ದನ್ನು ಹೊರಹಾಕುತ್ತದೆ. ಡೀಸೆಲ್ ಇಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ ಇಲ್ಲ. ಒತ್ತಿದ ಗಾಳಿಯ ಕಾವೇ ಅದರ ಬೆಂಕಿಕಡ್ಡಿ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ನಡೆಸಿ ತೋರಿಸಿದ ಇಂಜಿನ್ನಿನಿಂದ ಮೊದಲುಗೊಂಡು ನಮ್ಮ ಬಾವಿಯ ಇಂಜಿನ್ನಿನವರೆಗೆ ಗುಟ್ಟು ಇದೇ. ಆದುದರಿಂದ ಒತ್ತುವ ಹೊತ್ತಿನಲ್ಲಿ ಬಾಗಿಲು ಕೂದಲೆಳೆಯಷ್ಟು ಸೋರಿದರೂ ಕಾವು ಸಾಲದು, ಕಾವು ಸಾಲದಿದ್ದರೆ ಬೆಂಕಿಯಿಲ್ಲ, ಬೆಂಕಿಯಿಲ್ಲದಿದ್ದರೆ ನೀರಿಲ್ಲ.

ಎರಡು ಬಾಗಿಲುಗಳಲ್ಲಿ ಹೆಚ್ಚು ಕಷ್ಟ ಪಡುವುದು ಹೊಗೆಯದು. ನಿಮಿಷಕ್ಕೆ 600 ಸುತ್ತು ತಿರುಗುವ ಇಂಜಿನ್ನಿನಲ್ಲಿ ಅದು ನಿಮಿಷಕ್ಕೆ 300 ಸಲ ತೆರೆದು ಮುಚ್ಚಬೇಕು. ತಾಸಿಗೆ 18,000 ಸಲ. ಎಂಟು ತಾಸು ನೀರು ಹೊಡೆದರೆ 1,44,000 ಸಲ. ಗಾಳಿಯ ಬಾಗಿಲಿಗೆ ಪ್ರತಿ ಸಲವೂ ತಂಪು ಗಾಳಿ ತಾಕುತ್ತದೆ. ಹೊಗೆಯ ಬಾಗಿಲಿಗಾದರೋ, ಪೂರ್ಣ ಭಾರ ಬಿದ್ದಾಗ 400 ಡಿಗ್ರಿಗೂ ಮೇಲ್ಪಟ್ಟು ಕಾದ ಹೊಗೆಯೇ ಸ್ನಾನ. ಈ ಕಾವನ್ನು ಅದು ಎಲ್ಲಿ ಇಳಿಸಬೇಕು? ಮುಚ್ಚಿಕೊಂಡು ತನ್ನ ಪೀಠದ ಮೇಲೆ, ಅಂದರೆ ಸೀಟಿನ ಮೇಲೆ, ಕೂತಿರುವ ಕ್ಷಣಗಳಲ್ಲಿಯೇ ಅದರ ಬಹುಪಾಲು ಕಾವು ಹೆಡ್ಡಿಗೂ ಅಲ್ಲಿಂದ ತಂಪು ನೀರಿಗೂ ಇಳಿಯುತ್ತದೆ. ಕೂಡುವ ಪೀಠದಲ್ಲಿ ಇದ್ದಿಲಿನ ಒಂದು ಕಣ ಸಿಕ್ಕಿಕೊಂಡರೆ ಅಲ್ಲಿ ಸಂದು ಉಳಿಯುತ್ತದೆ. ಆ ಸಂದಿನಿಂದ ಬೆಂಕಿ ನುಗ್ಗುತ್ತದೆ. ದಿನ ಕಳೆದಂತೆ ವಾಲ್ವಿನ ಅಂಚು ಇಲಿ ಕಡಿದ ರೊಟ್ಟಿಯಂತಾಗುತ್ತದೆ. ದಣಿದವನಿಗೆ ಕೂಡಲು ಸರಿಯಾದ ಜಾಗ ಸಿಗದಿದ್ದರೆ ದಣಿವು ಆರುವುದೆಂತು?

ಇಂಜಿನ್ನಿನ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಅದನ್ನು ಕೂಡಿಸಲು ಬಂದ ಮುದಿ ಮಿಸ್ತ್ರಿಯ ಮಾತು ಮರಾಠಿ. ಹೊಗೆಯ ನಳಿಗೆಯನ್ನು ಆತ ‘ಧುರಾಡೆ’ ಎನ್ನುತ್ತಿದ್ದ. ಆತನ ಮಾತಿನ ತಿರುಳನ್ನು ಹಿಡಿದು ಅವ್ವನೇ ಮೊದಲಿಗೆ ‘ಗಾಳಿಯ ಬಾಗಿಲು’, ‘ಹೊಗೆಯ ಬಾಗಿಲು’ ಎಂದು ಎರಡು ಹೆಸರಿಟ್ಟಳು. ಗಡಿಯ ಮೇಲಿನ ಮನೆಗಳಲ್ಲಿ ಒಂದು ವಸ್ತುವಿಗೆ ಮೂರು ಹೆಸರು ಇರುವುದು ಹೊಸದೇನಲ್ಲ. ಆದರೆ ತನ್ನ ಮಾತಿನಲ್ಲಿ ಹೆಸರು ಬಂದ ಮೇಲೆಯೇ ವಸ್ತು ಕೈಗೆ ದಕ್ಕುತ್ತದೆಂಬುದನ್ನು ನಾವು ಅಂದು ಕಂಡೆವು. ‘ಎಕ್ಸಾಸ್ಟ್ ವಾಲ್ವ್’ ಎಂದಾಗ ದೂರ ನಿಂತು ನೋಡುತ್ತಿದ್ದ ಮಕ್ಕಳು ‘ಹೊಗೆಯ ಬಾಗಿಲು’ ಎಂದೊಡನೆ ಹತ್ತಿರ ಬಂದು ಬಗ್ಗಿ ನೋಡಿದವು.

ಈ ಬಾಗಿಲಿನ ಬೆಲೆ ಮನೆಗೆಲ್ಲ ತಿಳಿದದ್ದು 1983ರ ಮಾಘ ಮಾಸದಲ್ಲಿ. ಎರಡು ಎಕರೆ ಗೋದಿ ತೆನೆ ಬಿಟ್ಟು ಹಾಲು ತುಂಬುವ ಹೊತ್ತು. ಆ ಹೊತ್ತಿಗೆ ಒಂದು ನೀರು ತಪ್ಪಿದರೆ ಕಾಳು ಜೊಳ್ಳಾಗುತ್ತದೆಂಬುದನ್ನು ಒಕ್ಕಲುತನದವರಿಗೆ ಹೇಳಬೇಕಾದುದಿಲ್ಲ. ಆ ವರ್ಷದ ಸಾಲದ ಕಂತು, ಅಕ್ಕನ ಬಾಣಂತನದ ಖರ್ಚು, ಎಲ್ಲವೂ ಆ ಗೋದಿಯ ಮೇಲೆಯೇ ನಿಂತಿತ್ತು. ಹಿಂದಿನ ಹದಿನೈದು ದಿನಗಳಿಂದ ಇಂಜಿನ್ನು ಬೆಳಿಗ್ಗೆ ಹೊರಡಲು ತಕರಾರು ಮಾಡುತ್ತಿತ್ತು. ಒಂದು ದಿನ ಅದು ಏಳಲೇ ಇಲ್ಲ. ಅಪ್ಪ ಮತ್ತು ಕಾಕಾ ಸರದಿಯ ಮೇಲೆ ಹ್ಯಾಂಡಲ್ ತಿರುಗಿಸಿ ಬೆವರಿಳಿಸಿದರು. ನಳಿಗೆಯಿಂದ ಬಿಳಿ ಹೊಗೆ ಎದ್ದು, ಹಸಿ ಡೀಸೆಲಿನ ವಾಸನೆ ಬಂದು, ಮತ್ತೆ ಎಲ್ಲ ಸುಮ್ಮನಾಗುತ್ತಿತ್ತು. ನಾಜಲ್ ಕೆಟ್ಟಿದೆ ಎಂದು ಊರ ಮಂದಿಯೆಲ್ಲ ಹೇಳಿದರು. ತಾಲೂಕಿನ ಪೇಟೆಯಿಂದ ಹೊಸ ನಾಜಲ್ ತಂದು ಹಾಕಿದ್ದಾಯಿತು. ಏನೂ ಪ್ರಯೋಜನವಾಗಲಿಲ್ಲ.

ಮೂರನೆಯ ದಿನ ಮಿಸ್ತ್ರಿ ಬಂದ. ಆತ ಬಂದವನೇ ಪಾನಾ ಕೈಗೆ ತೆಗೆದುಕೊಳ್ಳಲಿಲ್ಲ. ಒಂದು ತಂಬಿಗೆ ನೀರು ಕುಡಿದು, ಕಾಕಾನಿಗೆ ಹ್ಯಾಂಡಲನ್ನು ಅತಿ ಸಾವಕಾಶವಾಗಿ ತಿರುಗಿಸಲು ಹೇಳಿ, ತಾನು ಹೊಗೆಯ ನಳಿಗೆಯ ಬಾಯಿಗೆ ಕಿವಿ ಹಚ್ಚಿ ಕಣ್ಣು ಮುಚ್ಚಿ ನಿಂತ. ಬಳಿಕ ಗಾಳಿಯ ಫಿಲ್ಟರಿಗೆ ಕಿವಿ ಹಚ್ಚಿದ. ಆಮೇಲೆ ಕೆಳಗಿನ ಎಣ್ಣೆಯ ತೊಟ್ಟಿಯ ಉಸಿರು ಕಿಂಡಿಗೆ. ಎದ್ದು ನಿಂತು ತನ್ನ ಅರೆಗನ್ನಡದಲ್ಲಿ, “ಅಣ್ಣಾ, ನಾಜಲ್‌ದ್ದು ಏನೂ ತಪ್ಪಿಲ್ಲ. ಹೊಗಿ ಬಾಗಲಾ ಸೋರಾಕ ಹತ್ತೈತಿ. ನೀವೂ ಕಿವಿ ಹಚ್ರಿ” ಎಂದ. ಅಪ್ಪ ಕಿವಿಯಿಟ್ಟರು. ಮಲಗಿದ ಹಾವು ಉಸಿರಾಡಿದಂತೆ ‘ಸ್ಸ್’ ಎಂಬ ಸಣ್ಣ ದನಿ ನಳಿಗೆಯೊಳಗಿಂದ ಬರುತ್ತಿತ್ತು. ಗಾಳಿ ಒತ್ತುವ ಹೊತ್ತಿನಲ್ಲಿ ಹ್ಯಾಂಡಲು ಕೈಗೆ ಭಾರವಾಗಿ ಹಿಂದಕ್ಕೆ ಒದೆಯಬೇಕು. ಅದು ಬೆಣ್ಣೆಯಲ್ಲಿ ತಿರುಗಿದಂತೆ ತಿರುಗುತ್ತಿತ್ತು.

ಆ ಮೂರು ಜಾಗಗಳಿಗೆ ಕಿವಿಯಿಡುವ ಪರೀಕ್ಷೆಯನ್ನು ವಾಚಕರು ಮರೆಯಬಾರದು. ದನಿ ಹೊಗೆಯ ನಳಿಗೆಯಲ್ಲಿ ಬಂದರೆ ಹೊಗೆಯ ಬಾಗಿಲಿನ ದೋಷ. ಗಾಳಿಯ ಫಿಲ್ಟರಿನಲ್ಲಿ ಬಂದರೆ ಗಾಳಿಯ ಬಾಗಿಲಿನದು. ಎಣ್ಣೆಯ ತೊಟ್ಟಿಯಲ್ಲಿ ಬಂದರೆ ಪಿಸ್ಟನ್ನಿನ ರಿಂಗುಗಳು ಸವೆದಿವೆ. ಒಂದು ರೂಪಾಯಿಯೂ ಖರ್ಚಿಲ್ಲದ ಈ ಪರೀಕ್ಷೆ ಮಾಡದೆ ಸಾಮಾನು ಬದಲಿಸುತ್ತ ಹೋಗುವುದು ಜ್ವರದ ಮೂಲ ನೋಡದೆ ಔಷಧಿಯ ಬಾಟಲಿ ಬದಲಿಸಿದಂತೆ.

ಹೊಗೆಯ ಬಣ್ಣವೂ ಮಾತನಾಡುತ್ತದೆ. ತಣ್ಣಗಿನ ಇಂಜಿನ್ನು ಏಳದೆ ಬಿಳಿ ಹೊಗೆ ಬಿಟ್ಟರೆ ಡೀಸೆಲ್ ಒಳಗೆ ಬಂದಿದೆ, ಆದರೆ ಉರಿಯುತ್ತಿಲ್ಲವೆಂದು ಅರ್ಥ. ಆಗ ಸೋರುವ ಬಾಗಿಲನ್ನೂ ಸವೆದ ರಿಂಗನ್ನೂ ಸಂಶಯಿಸಬೇಕು. ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಭಾರ ಹೆಚ್ಚಾಗಿದೆ: ಫಿಲ್ಟರು ಮುಚ್ಚಿರಬಹುದು, ನಾಜಲು ಹನಿಸುತ್ತಿರಬಹುದು, ಇಲ್ಲವೆ ಹೊಗೆಯ ನಳಿಗೆಯೇ ಮಸಿಯಿಂದ ಕಟ್ಟಿರಬಹುದು. ನೀಲಿ ಹೊಗೆ ಬಂದರೆ ಇಂಜಿನ್ನಿನ ಎಣ್ಣೆ ಉರಿಯುತ್ತಿದೆ. ದನಿಯೂ ಹಾಗೆಯೇ. ಮೇಲ್ಭಾಗದಲ್ಲಿ ‘ಟಿಕ್ ಟಿಕ್’ ಎಂದು ಬಿಡದೆ ಸಪ್ಪಳವಾದರೆ ವಾಲ್ವಿನ ಸಂದು ಹೆಚ್ಚಾಗಿದೆ. ಒಂದೊಂದು ಏಟು ತಪ್ಪಿ, ನಳಿಗೆಯಲ್ಲಿ ಅಡ್ಡಾದಿಡ್ಡಿ ‘ಫಟ್’ ಎಂದರೆ ವಾಲ್ವು ತನ್ನ ಗೈಡಿನಲ್ಲಿ ಅಂಟಿಕೊಳ್ಳುತ್ತಿದೆಯೆಂದು ಸಂಶಯಿಸಬೇಕು. ನಮ್ಮ ಅವ್ವ ಅಡಿಗೆಯ ಮನೆಯಲ್ಲಿ ರೊಟ್ಟಿ ಬಡಿಯುತ್ತಲೇ, “ಇವತ್ತ ಇಂಜಿನ್ನಿನ ತಾಳ ತಪ್ಪೈತಿ, ಹೋಗಿ ನೋಡ್ರಿ” ಎಂದು ಹೇಳಿ ಕಳಿಸುತ್ತಿದ್ದಳು. ಆಕೆಯ ಮಾತು ಸುಳ್ಳಾದುದನ್ನು ನಾವು ಕಾಣೆವು.

ಮಿಸ್ತ್ರಿ ಅಂದು ಹೆಡ್ಡು ಬಿಚ್ಚಿದ ಕ್ರಮವೇ ನಮಗೆ ಪಾಠವಾಯಿತು. ಇಂಜಿನ್ನು ಪೂರ್ತಿ ಆರಿರಬೇಕು. ಕಾದ ಹೆಡ್ಡನ್ನು ಬಿಚ್ಚಿದರೆ ಅದು ಸೊಟ್ಟಾಗುವ ಭಯವುಂಟು. ಮೊದಲು ತಂಪು ನೀರನ್ನು ಬಿಡಬೇಕು. ಡೀಸೆಲಿನ ನಳಿಗೆ ಬಿಚ್ಚಿದೊಡನೆ ಅದರ ಎರಡೂ ಬಾಯಿಗಳಿಗೆ ಶುಚಿಯಾದ ಅರಿವೆ ಕಟ್ಟಬೇಕು, ಏಕೆಂದರೆ ನಮ್ಮ ಸೀಮೆಯ ಧೂಳಿಗೆ ನಾಜಲಿನ ಮೇಲೆ ಹಗೆ. ರಾಕರು, ಅದನ್ನೆತ್ತುವ ಕಡ್ಡಿಗಳು, ಆಮೇಲೆ ಹೆಡ್ಡಿನ ನಟ್ಟುಗಳು. ನಟ್ಟುಗಳನ್ನು ಒಂದೇ ಕಡೆಯಿಂದ ಬಿಚ್ಚದೆ, ಎದುರುಬದುರು ಮೂಲೆ ಹಿಡಿದು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಬಿಚ್ಚಿದ್ದನ್ನೆಲ್ಲ ಹಾಸಿದ ಗೋಣಿತಟ್ಟಿನ ಮೇಲೆ, ಬಿಚ್ಚಿದ ಸಾಲಿನಲ್ಲಿಯೇ ಇಡಬೇಕು. ಹೆಡ್ಡು ಭಾರವಾದುದು, ಇಬ್ಬರು ಹಿಡಿದು ನೆಟ್ಟಗೆ ಎತ್ತಬೇಕು.

ವಾಲ್ವಿನ ಸ್ಪ್ರಿಂಗನ್ನು ಅದುಮಿದರೆ ಅದನ್ನು ಹಿಡಿದಿಟ್ಟ ಎರಡು ಚಿಕ್ಕ ಅರೆಬಿಲ್ಲೆಯ ಲಾಕುಗಳು ಹೊರಬರುತ್ತವೆ. ಇವು ಗೋದಿಯ ಹೊಲದಲ್ಲಿ ಬಿದ್ದರೆ ಮತ್ತೆ ಸಿಗಲಾರವು. ಒಂದು ಮುಚ್ಚಳವುಳ್ಳ ಡಬ್ಬಿ ಕೈಯಲ್ಲಿರಬೇಕು. ಎರಡು ವಾಲ್ವುಗಳು ನೋಡಲು ಅಣ್ಣತಮ್ಮಂದಿರಂತಿದ್ದರೂ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಹಾಕಲಾಗದು. ಹೊಗೆಯ ವಾಲ್ವನ್ನು ಕಾವು ತಾಳುವ ಬೇರೆ ಉಕ್ಕಿನಿಂದ ಮಾಡಿರುವುದುಂಟು. ಅಲ್ಲದೆ ಪ್ರತಿಯೊಂದೂ ತನ್ನ ಪೀಠದ ಮೇಲೆಯೇ ಸವೆದು ಹೊಂದಿಕೊಂಡಿರುತ್ತದೆ. ಆದುದರಿಂದ ಬಿಚ್ಚಿದೊಡನೆ ಗುರುತು ಮಾಡಬೇಕು.

ಹೊಗೆಯ ವಾಲ್ವು ಹೊರಬಂದಾಗ ಅದರ ಕತ್ತಿನ ಸುತ್ತ ಕಲ್ಲಿನಂಥ ಇದ್ದಿಲು ಕಟ್ಟಿತ್ತು. ಅಂಚಿನ ಮೇಲೆ ಸಿಡುಬಿನ ಕಲೆಯಂಥ ಚಿಕ್ಕ ಗುಳಿಗಳು. “ನಸೀಬ ಚಲೋ ಐತಿ, ಇನ್ನೂ ಸುಟ್ಟಿಲ್ಲ” ಎಂದ ಮಿಸ್ತ್ರಿ. ಅಂಚು ಸುಟ್ಟು ಕಚ್ಚು ಬಿದ್ದಿದ್ದರೆ ಕೈಯಿಂದ ಉಜ್ಜಿ ಸರಿಮಾಡಲಾಗದು. ಯಂತ್ರದ ಮೇಲೆ ಹರಿಸಬೇಕು, ಇಲ್ಲವೆ ಹೊಸದನ್ನೇ ಹಾಕಬೇಕು. ಹಾಗೆಯೇ ಕಡ್ಡಿ ಬಾಗಿದೆಯೇ, ಗೈಡಿನಲ್ಲಿ ಅತ್ತಿತ್ತ ಅಲುಗುತ್ತದೆಯೇ, ಸ್ಪ್ರಿಂಗು ಹೊಸದರ ಪಕ್ಕದಲ್ಲಿಟ್ಟರೆ ಗಿಡ್ಡವಾಗಿ ಕಾಣುತ್ತದೆಯೇ ಎಂದು ನೋಡಬೇಕು. ಇದ್ದಿಲನ್ನು ಸೀಮೆ ಎಣ್ಣೆಯಲ್ಲಿ ನೆನೆಯಿಟ್ಟು ತಂತಿಯ ಬ್ರಶ್ಶಿನಿಂದ ತೆಗೆಯಬಹುದು. ಪೀಠದ ಹತ್ತಿರ ಮಾತ್ರ ಹರಿತವಾದ ಉಕ್ಕನ್ನು ತಾಕಿಸಬಾರದು. ಬಿದಿರಿನ ಚಕ್ಕೆಯೋ ಹಿತ್ತಾಳೆಯ ಪಟ್ಟಿಯೋ ಸಾಕು.

ಆಮೇಲೆ ಉಜ್ಜುವ ಕೆಲಸ. ವಾಲ್ವಿನ ಅಂಚಿಗೆ ಗ್ರೈಂಡಿಂಗ್ ಪೇಸ್ಟನ್ನು ಕಾಡಿಗೆ ಹಚ್ಚಿದಷ್ಟೇ ತೆಳುವಾಗಿ ಹಚ್ಚಿ, ಪೀಠದ ಮೇಲೆ ಕೂಡಿಸಿ, ಅಂಗೈಗಳ ನಡುವೆ ಹಿಡಿಕೆಯನ್ನು ಮೊಸರು ಕಡೆಯುವಂತೆ ಅತ್ತಿತ್ತ ಅರೆಸುತ್ತು ತಿರುಗಿಸಬೇಕು. ಆಗಾಗ ಎತ್ತಿ, ಸ್ವಲ್ಪ ಹೊರಳಿಸಿ, ಮತ್ತೆ ಕೂಡಿಸಬೇಕು. ಮೊದಲು ದಪ್ಪ ಪೇಸ್ಟು, ಕೊನೆಗೆ ನಯವಾದದ್ದು. ಮೊಸರು ಕಡೆಯುವುದೆಂದ ಮೇಲೆ ಅವ್ವನಿಗೆ ಯಾರು ಸಮ? ಕಂದೀಲಿನ ಬೆಳಕಿನಲ್ಲಿ ಅವ್ವನೂ ಅತ್ತಿಗೆಯೂ ನಾವೂ ಸರದಿಯಂತೆ ಕುಳಿತೆವು. ರಾತ್ರಿ ಹನ್ನೊಂದರ ಹೊತ್ತಿಗೆ ವಾಲ್ವಿನ ಅಂಚಿನಲ್ಲಿಯೂ ಪೀಠದಲ್ಲಿಯೂ ಎಲ್ಲಿಯೂ ಕಡಿಯದ, ಬೂದಿ ಬಣ್ಣದ ಒಂದು ತೆಳುವಾದ ಉಂಗುರ ಮೂಡಿತು. ಗುಳಿ ಹೋಯಿತೆಂದು ಹರ್ಷಪಟ್ಟು ಮತ್ತೂ ಉಜ್ಜುತ್ತ ಹೋಗಬಾರದು. ಉಂಗುರ ಅಗಲವಾದಷ್ಟೂ ಕೂಡುವ ಬಿಗಿ ಕಡಿಮೆಯಾಗುತ್ತದೆ.

ಮಿಸ್ತ್ರಿ ಪರೀಕ್ಷೆಯಿಲ್ಲದೆ ಯಾವುದನ್ನೂ ನಂಬುತ್ತಿರಲಿಲ್ಲ. ಅಂಚಿನ ಮೇಲೆ ಪೆನ್ಸಿಲಿನಿಂದ ಅಡ್ಡ ಗೆರೆಗಳನ್ನೆಳೆದು, ಪೀಠದ ಮೇಲೆ ಕೂಡಿಸಿ ಒಂದಿಷ್ಟು ಹೊರಳಿಸಿ ತೆಗೆದ. ಎಲ್ಲ ಗೆರೆಗಳೂ ಅಳಿಸಿದ್ದವು. ಅಂದರೆ ಸುತ್ತಲೂ ಸಮನಾಗಿ ತಾಕಿದೆ. ಬಳಿಕ ಪೇಸ್ಟಿನ ಒಂದು ಕಣವೂ ಉಳಿಯದಂತೆ ಎಲ್ಲವನ್ನೂ ಸೀಮೆ ಎಣ್ಣೆಯಲ್ಲಿ ತೊಳೆಯಿಸಿದ. ಉಳಿದ ಪೇಸ್ಟು ಒಳಗೆ ಸೇರಿದರೆ ಗೈಡನ್ನೂ ರಿಂಗನ್ನೂ ಅರೆದು ತಿನ್ನುತ್ತದೆ. ಸ್ಪ್ರಿಂಗು ಕೂಡಿಸಿದ ಮೇಲೆ ಹೆಡ್ಡನ್ನು ಓರೆಯಾಗಿಟ್ಟು, ಹೊಗೆಯ ದಾರಿಯಲ್ಲಿ ಒಂದು ಬಟ್ಟಲು ಸೀಮೆ ಎಣ್ಣೆ ಸುರಿದು, ಬೀಡಿ ಹಚ್ಚಲು ಅಂಗಳದಾಚೆ ಹೋದ. ತಿರುಗಿ ಬಂದು ನೋಡಿದಾಗ ವಾಲ್ವಿನ ಕೆಳಗೆ ಒಂದು ಹನಿಯೂ ಒಸರಿರಲಿಲ್ಲ.

ಮರುದಿನ ಬೆಳಿಗ್ಗೆ ಹೆಡ್ಡು ಕೂಡಿಸಿ, ನಟ್ಟುಗಳನ್ನು ಮತ್ತೆ ಎದುರುಬದುರು ಬಿಗಿದು, ವಾಲ್ವಿನ ಸಂದನ್ನು ಅಳೆದ. ಈ ಸಂದು ಬಹು ಮುಖ್ಯವಾದುದು. ಕಾದ ಕಬ್ಬಿಣ ಉದ್ದವಾಗುತ್ತದೆ. ತಣ್ಣಗಿದ್ದಾಗ ರಾಕರಿಗೂ ವಾಲ್ವಿನ ತುದಿಗೂ ನಡುವೆ ಕೂದಲೆಳೆಯಷ್ಟು ಎಡೆ ಬಿಟ್ಟಿರಬೇಕು. ಎಡೆ ಸಾಲದಿದ್ದರೆ ಕಾದಾಗ ವಾಲ್ವು ಪೂರ್ತಿ ಮುಚ್ಚಲಾರದೆ ಸುಡುತ್ತದೆ. ಹೆಚ್ಚಾದರೆ ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ಸಪ್ಪಳ ಮಾಡುತ್ತದೆ. ಎಡೆ ಎಷ್ಟಿರಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆ; ಆಯಾ ಪುಸ್ತಕದಲ್ಲಿರುವ ಅಂಕಿಯನ್ನೇ ಹಿಡಿದು, ಎರಡೂ ವಾಲ್ವು ಮುಚ್ಚಿರುವ ಸ್ಥಿತಿಯಲ್ಲಿ, ಫೀಲರ್ ಗೇಜಿನಿಂದ ಅಳೆಯಬೇಕು. ಸಿಗರೇಟು ಪೆಟ್ಟಿಗೆಯ ಕಾಗದದಿಂದ ಅಳೆಯುವ ರೂಢಿ ನಮ್ಮ ಕಡೆ ಇತ್ತು; ಅದು ಸಲ್ಲದು. ಕೆಲವು ತಾಸು ನಡೆಸಿ, ಆರಿಸಿ, ಹೆಡ್ಡಿನ ನಟ್ಟು ಮತ್ತು ಸಂದು ಎರಡನ್ನೂ ಮತ್ತೊಮ್ಮೆ ನೋಡಬೇಕು.

ಕಾಕಾ ಹ್ಯಾಂಡಲ್ ಹಿಡಿದರು. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಯೇ ಇಟ್ಟುಕೊಳ್ಳಲು ಮಿಸ್ತ್ರಿ ನೆನಪು ಮಾಡಿದ. ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತದೆ. ಹಾರುಗಾಲಿ ವೇಗ ಹಿಡಿದೊಡನೆ ಒತ್ತಡದ ಲಿವರು ಬಿಟ್ಟರು. ಎರಡನೆಯ ಏಟಿಗೇ ಇಂಜಿನ್ನು ಎದ್ದಿತು. ಬಿಳಿ ಹೊಗೆ ತೆಳುವಾಗಿ, ಆಮೇಲೆ ಕಾಣದಂತಾಯಿತು. ಕಾಲುವೆಯಲ್ಲಿ ನೀರು ಹರಿದು ಗೋದಿಯ ಬುಡ ಸೇರುವುದನ್ನು ಅಪ್ಪ ಮಾತಿಲ್ಲದೆ ನೋಡುತ್ತ ನಿಂತರು. ಮೇಲ್ಭಾಗದ ಮಡಿಗಳಲ್ಲಿ ಕಾಳು ಜೊಳ್ಳಾಗಿ ಹೋಗಿತ್ತು. ಉಳಿದದ್ದು ಕೈಗೆ ಬಂದಿತು. ಕಂತು ಕಟ್ಟಿದ್ದಾಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ಕೆಲವು ನಿಯಮಗಳು ನಿಂತವು. ಮಳೆಗಾಲಕ್ಕೆ ಮುಂಚೆ ಹೊಗೆಯ ನಳಿಗೆ ಮತ್ತು ಸೈಲೆನ್ಸರನ್ನು ಬಿಚ್ಚಿ, ತಟ್ಟಿ, ಮಸಿ ಕೆಡವಬೇಕು. ನಳಿಗೆ ಕಟ್ಟಿದರೆ ಹೊಗೆ ಹಿಂದಕ್ಕೇ ಒತ್ತಿ ಇಂಜಿನ್ನು ಕಾಯುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಇಂಜಿನ್ನು ನಿಂತಿರುವಾಗ ನಳಿಗೆಯ ಬಾಯಿಗೆ ಡಬ್ಬಿ ಕವುಚಬೇಕು; ಇಲ್ಲದಿದ್ದರೆ ಮಳೆಯ ನೀರಿಳಿದು ವಾಲ್ವಿನ ಪೀಠಕ್ಕೆ ತುಕ್ಕು ಹಿಡಿಯುತ್ತದೆ; ಕಣಜ ಗೂಡು ಕಟ್ಟುವುದೂ ಉಂಟು. ನಡೆಸುವ ಮುಂಚೆ ಡಬ್ಬಿ ತೆಗೆಯಬೇಕು. ಕೆಲಸವಿಲ್ಲದ ತಿಂಗಳುಗಳಲ್ಲಿಯೂ ವಾರಕ್ಕೊಮ್ಮೆ ಹಾರುಗಾಲಿಯನ್ನು ಕೈಯಿಂದ ತಿರುಗಿಸಿ, ಎರಡೂ ವಾಲ್ವು ಮುಚ್ಚಿರುವ ಸ್ಥಿತಿಯಲ್ಲಿ ನಿಲ್ಲಿಸಬೇಕು. ವಾಲ್ವಿನ ಕಡ್ಡಿಗಳಿಗೆ ಒಂದೆರಡು ಹನಿ ಎಣ್ಣೆ ಬಿಡುವುದನ್ನು ಮರೆಯಬಾರದು.

ಇಷ್ಟೆಲ್ಲ ಯಂತ್ರದ ಆರೋಗ್ಯದ ಮಾತಾಯಿತು. ಹೊಗೆಯ ದಾರಿಯ ಜೊತೆಗೆ ಮನುಷ್ಯರ ಜೀವವೂ ಕಟ್ಟಿಕೊಂಡಿದೆ. ಪಂಪು ಕೆಳಗಿನ ನೀರನ್ನು ಸೆಳೆಯುವುದಕ್ಕೆ ಮಿತಿಯಿದೆ. ಲೆಕ್ಕದ ಪ್ರಕಾರ ಸುಮಾರು 34 ಅಡಿ. ನಿಜವಾಗಿ ಕೈಗೂಡುವುದು 20-25 ಅಡಿ. ಬೇಸಿಗೆಯಲ್ಲಿ ನೀರು ಇಳಿದಂತೆ ನಮ್ಮ ಸೀಮೆಯವರು ಬಾವಿಯ ಒಳಗೋಡೆಯಲ್ಲಿ ಕಟ್ಟೆ ಕಡಿದು ಇಂಜಿನ್ನನ್ನೇ ಕೆಳಗೆ ಇಳಿಸುತ್ತಿದ್ದರು. ಹಾಗೆ ಇಳಿಸಿದಾಗ ಹೊಗೆಯ ನಳಿಗೆಯನ್ನು ಬಾವಿಯ ಮೇಲಿನವರೆಗೆ ಒಯ್ಯಬೇಕು. ನೆರೆಯ ಊರೊಂದರಲ್ಲಿ ಆ ನಳಿಗೆಯ ಜೋಡಣೆ ಕೆಳಗೇ ಬಿಚ್ಚಿಕೊಂಡಿತ್ತು. ಡೀಸೆಲ್ ಹಾಕಲು ಇಳಿದ ಅಣ್ಣ ಮೇಲೆ ಬರಲಿಲ್ಲ, ಕರೆದರೂ ಓಗೊಡಲಿಲ್ಲವೆಂದು ತಮ್ಮ ಇಳಿದ, ಅವನೂ ಬರಲಿಲ್ಲ. ಒಂದೇ ಮನೆಯ ಎರಡು ಹೆಣಗಳನ್ನು ಹಗ್ಗದಿಂದ ಎತ್ತಿದುದನ್ನು ಊರು ಕಂಡಿತು.

ಹೊಗೆಯಲ್ಲಿ ಇರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತಕ್ಕೆ ಪ್ರಾಣವಾಯುವಿಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಾವಿಯಲ್ಲಿ ಕಂದೀಲು ಇಳಿಸಿ ನೋಡುವ ಪರೀಕ್ಷೆ ಪ್ರಾಣವಾಯು ಇದೆಯೇ ಎಂಬುದನ್ನಷ್ಟೇ ತಿಳಿಸುತ್ತದೆ. ದೀಪ ಉರಿಯುತ್ತಿದ್ದರೂ ಈ ವಿಷಾನಿಲ ಇರಬಹುದು. ಆದುದರಿಂದ ಬಾವಿಯೊಳಗಾಗಲಿ, ಮುಚ್ಚಿದ ಕೋಣೆಯಲ್ಲಾಗಲಿ ಯಾವ ಇಂಜಿನ್ನನ್ನೂ ನಡೆಸಬಾರದು. ಒಳಗೆ ಯಾರಾದರೂ ಬಿದ್ದರೆ ಕರುಳು ಎಷ್ಟೇ ಕೂಗಿದರೂ ಹಿಂದೆಯೇ ಇಳಿಯಬಾರದು. ಉಸಿರಾಟದ ಸಾಧನವುಳ್ಳ ಅಗ್ನಿಶಾಮಕ ದಳದವರನ್ನು ಕರೆಯಬೇಕು. ಈ ಮಾತನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುವುದು ಮನೆಯ ಹಿರಿಯರ ಹೊಣೆ.

ಇಂದು ದ್ರಾಕ್ಷಿ, ದಾಳಿಂಬೆಗಳ ತೋಟದಲ್ಲಿ ಬೆನ್ನಿಗೆ ಕಟ್ಟಿಕೊಂಡು ಔಷಧ ಹೊಡೆಯುವ ಚಿಕ್ಕ ಟೂ ಸ್ಟ್ರೋಕ್ ಇಂಜಿನ್ನುಗಳು ಬಂದಿವೆ. ಸಾಧಾರಣವಾಗಿ ಅವುಗಳಿಗೆ ವಾಲ್ವಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಒಂದು ಕಿಂಡಿ ಮಾತ್ರ, ಪಿಸ್ಟನ್ನೇ ಅದನ್ನು ತೆರೆದು ಮುಚ್ಚುತ್ತದೆ. ಪೆಟ್ರೋಲಿನೊಡನೆ ಎಣ್ಣೆಯೂ ಉರಿಯುವುದರಿಂದ ಆ ಕಿಂಡಿ ಬೇಗ ಮಸಿಗಟ್ಟುತ್ತದೆ. ಕೆನಡಾದಂಥ ಹಿಮದ ನಾಡಿನಲ್ಲಿ ಹಿಮದ ಮೇಲೆ ಓಡುವ ವಾಹನಗಳ ಟೂ ಸ್ಟ್ರೋಕ್ ಇಂಜಿನ್ನುಗಳಲ್ಲಿ ಇದೇ ಕಿಂಡಿಗೆ ಜಾರುವ ಒಂದು ಹಲಗೆಯಂಥ ವಾಲ್ವನ್ನು ಕೂಡಿಸುತ್ತಾರೆ. ಹಲವು ಮಾದರಿಗಳಲ್ಲಿ ವೇಗ ಹೆಚ್ಚಿದಾಗ ಹೊಗೆಯ ಒತ್ತಡವೇ ಅದನ್ನು ಮೇಲೆತ್ತುತ್ತದೆ, ವೇಗ ಇಳಿದಾಗ ಸ್ಪ್ರಿಂಗು ಕೆಳಗಿಳಿಸುತ್ತದೆ. ಅಲ್ಲಿಯೂ ಬೇನೆ ಇದೇ: ಮಸಿ ಅಂಟಿ ಹಲಗೆ ಜಾರಲೊಲ್ಲದು, ಇಂಜಿನ್ನಿನ ಶಕ್ತಿ ಕುಂದುವುದು. ಚಿಕಿತ್ಸೆಯೂ ಇದೇ: ಬಿಚ್ಚು, ತೊಳೆ, ಒರೆಸು, ಇದ್ದ ಹಾಗೆ ಕೂಡಿಸು.

ಮಿಸ್ತ್ರಿ ತೀರಿಕೊಂಡು ಬಹಳ ವರ್ಷಗಳಾದವು. ಅವನು ಸಂಬಳಕ್ಕೆ ಕೆಲಸ ಮಾಡಿಹೋದವನಲ್ಲ. ಕೈಗೆ ಪಾನಾ ಕೊಟ್ಟು ಕಲಿಸಿಹೋದವನು. ತಾಲೂಕಿನ ಪೇಟೆಗೂ ದೂರ, ಜಿಲ್ಲೆಗೆ ಇನ್ನೂ ದೂರವಿರುವ ನಮ್ಮಂಥ ಗಡಿಯ ಊರುಗಳಿಗೆ ಅಂಥ ವಿದ್ಯೆಯೇ ದೊಡ್ಡ ಆಸ್ತಿ. ಅದು ಬರೀ ಗಂಡಸರ ಸೊತ್ತೂ ಅಲ್ಲ, ಇಂಥ ಭಾಷೆಯವರದೇ ಎಂಬ ಕಟ್ಟೂ ಅದಕ್ಕಿಲ್ಲ. ತರುವುದರಲ್ಲಿ, ತುಂಬುವುದರಲ್ಲಿ ನಮಗೆಲ್ಲ ಉತ್ಸಾಹವುಂಟು. ಉರಿದು ಮುಗಿದುದನ್ನು ಹೊತ್ತಿಗೆ ಸರಿಯಾಗಿ ಹೊರಗೆ ಕಳಿಸಿ, ಆ ದಾರಿಯನ್ನು ಶುಚಿಯಾಗಿಡುವ ಕೆಲಸಕ್ಕೆ ಯಾರೂ ಆರತಿ ಎತ್ತುವುದಿಲ್ಲ. ಆದರೂ ಬಾವಿಯ ನೀರು ಹೊಲಕ್ಕೆ ಬರುವುದು ಅದರಿಂದಲೇ. ವಾಚಕರು ಈ ಮಳೆಗಾಲಕ್ಕೆ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು, ಮನೆಯ ಮಕ್ಕಳನ್ನು ಪಕ್ಕಕ್ಕೆ ಕೂಡಿಸಿಕೊಂಡು, ತಮ್ಮ ಯಂತ್ರದ ಹೊಗೆಯ ಬಾಗಿಲನ್ನು ಬಿಚ್ಚಿ ನೋಡಲಿ ಎಂಬುದು ನಮ್ಮ ವಿನಂತಿ.